ಹಳೇ ಮನೆಗೆ ಪ್ರವಾಸಿಗರು ಬಂದರೆ ಹಾಕಿದ ಖರ್ಚು ಹುಟ್ಟುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ನಡುವಿನ ಚೌಕಿ ಮನೆಗಳಿರಲಿ (ನಡುವೆ ಅಂಗಳ ಬಿಟ್ಟು ಸುತ್ತ ಕಟ್ಟಿದ ಮನೆ), ಕುಮಟಾ, ಅಂಕೋಲಾ, ಕಾರವಾರದ ಹಂಚಿನ ಮನೆಗಳಿರಲಿ, ಈಗ ಎಲ್ಲ ಕಡೆ ಒಂದೇ ಮಾತು. ಮಕ್ಕಳು ಬೆಂಗಳೂರಲ್ಲಿ. ಮನೆಯಲ್ಲಿ ಇಬ್ಬರೇ. ಮನೆ ಮಾತ್ರ ಇಪ್ಪತ್ತು ಜನಕ್ಕೆ ಕಟ್ಟಿದ್ದು. "ಪ್ರವಾಸಿಗರಿಗೆ ತೆರೆದುಬಿಟ್ಟರೆ ಹೇಗೆ?" ಎಂದು ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ.

ಲೆಕ್ಕ ಬರೆಯುವುದು ನನ್ನ ಕಸುಬು. ಹುಟ್ಟಿ ಬೆಳೆದದ್ದು ಅಂಥದ್ದೇ ಒಂದು ಮನೆಯಲ್ಲಿ. ಬೇರೆ ಬೇರೆ ಮನೆಗಳ ಜಗಲಿಯಲ್ಲಿ ಕೂತು ಕೂಡಿ ಕಳೆಯುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಹಿಡಿದ ಮನೆ ಕಲ್ಪನೆಯದ್ದು, ಅದರ ಅಂಕಿಗಳೂ ಹಾಗೇ. ನಿಮ್ಮ ಮನೆಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು? ಎಷ್ಟು ಜನ ಬರುತ್ತಾರೆ ಅನ್ನುವುದರಿಂದಲಾ?

ಅಲ್ಲ. ಮನೆ ವರ್ಷಕ್ಕೆ ಎಷ್ಟು ತಿನ್ನುತ್ತದೆ ಅನ್ನುವುದರಿಂದ.

ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದನ್ನು ಒಮ್ಮೆ ನಿಂತು ನೋಡಿ. ಒಬ್ಬರು ಮಾಡಿನ (ಚಾವಣಿಯ) ಮೇಲೆ, ಒಬ್ಬರು ಏಣಿಯಲ್ಲಿ, ಇಬ್ಬರು ಅಂಗಳದಲ್ಲಿ. ಹಂಚು ಒಂದೊಂದೇ ಕೈಯಿಂದ ಕೈಗೆ ಇಳಿಯುತ್ತದೆ. ಪಾಚಿ ತಿಕ್ಕಿ ತೆಗೆಯುತ್ತಾರೆ. ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ. ಟಣ್ ಎಂದರೆ ಹಂಚು ಗಟ್ಟಿ. ಸದ್ದು ಮಂಕಾದರೆ ಬಿರುಕು ಬಿಟ್ಟಿದೆ, ಪಕ್ಕಕ್ಕೆ. ಹಳೇ ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಉಬ್ಬಿ ನಿಂತಿರುತ್ತದೆ. ಬೇರೆ ಕಾರ್ಖಾನೆಯ ಹಂಚು ಅದರ ಪಕ್ಕ ಸರಿಯಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಆಷಾಢದ ಮಳೆಗೆ ನೀರು ಅಟ್ಟಕ್ಕೆ ಇಳಿಯುತ್ತದೆ. ಅಲ್ಲಿಂದ ತೊಲೆಗೆ. ತೊಲೆ ಒದ್ದೆಯಾದರೆ ಒರಲೆ (ಗೆದ್ದಲು) ಬಂತೆಂದೇ ಲೆಕ್ಕ. ಇದರ ಮೇಲೆ ಮಂಗಗಳು. ಒಂದು ಗುಂಪು ಮಾಡಿನ ಮೇಲೆ ಹಾರಿ ಹೋದರೆ ಹತ್ತಿಪ್ಪತ್ತು ಹಂಚು ಹೋಯಿತು.

ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಮಾಡು 300 ಚದರ ಮೀಟರ್ ಇದ್ದರೆ 4500 ಹಂಚು. ಇಷ್ಟನ್ನೂ ವರ್ಷಕ್ಕೊಮ್ಮೆ ಯಾರೋ ನೋಡಲೇಬೇಕು. ಹಂಚು, ಹಂಚು ಕೂರಿಸುವ ರೀಪು, ಸುಣ್ಣ, ಒರಲೆ ಔಷಧಿ, ಆಳಿನ ಕೂಲಿ ಎಲ್ಲ ಸೇರಿ ವರ್ಷಕ್ಕೆ 80,000 ಎಂದಿಟ್ಟುಕೊಳ್ಳಿ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬರುವ ದೊಡ್ಡ ರಿಪೇರಿಗೆ ವರ್ಷಕ್ಕೆ 70,000 ತೆಗೆದಿಡಿ. ಒಟ್ಟು ಒಂದೂವರೆ ಲಕ್ಷ.

ನನ್ನ ಪಟ್ಟು ಇಷ್ಟೇ. ಮನೆಯನ್ನೂ ಒಬ್ಬ ಪಾಲುದಾರ ಎಂದು ಬರೆಯಿರಿ. ಮೊದಲ ಪಾಲು ಮನೆಯದ್ದು. ಅದನ್ನು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ ಮಾತ್ರ ಲಾಭ ಎನ್ನಬೇಕು. ಎಷ್ಟೋ ಯೋಜನಾ ವರದಿಗಳಲ್ಲಿ ಈ ಸಾಲೇ ಇರುವುದಿಲ್ಲ. ಮೂರು ವರ್ಷ ದುಡ್ಡು ಕಂಡು ನಾಲ್ಕನೇ ವರ್ಷ ಮಾಡು ಸೋರಿದಾಗ ಖಾತೆಯಲ್ಲಿ ಕಾಸಿರುವುದಿಲ್ಲ.

ಬಂಡವಾಳ ಎಷ್ಟು ಬೇಕಾಗಬಹುದು?

ನಾಲ್ಕು ಕೋಣೆ ಕೊಡುವ ಚೌಕಿ ಮನೆ ಎಂದು ಹಿಡಿಯೋಣ. ಶಿರಸಿಯಿಂದ ಹದಿನೈದು ಕಿಲೋಮೀಟರ್ ದೂರ. ರಾತ್ರಿ ಉಳಿಯುವವರೂ ಇದ್ದಾರೆ. ಹಗಲಿಗೆ ಬಂದು ಮನೆ, ತೋಟ ನೋಡಿ ಊಟ ಮಾಡಿ ಹೋಗುವವರೂ ಇದ್ದಾರೆ.

ಮಾಡು ಮತ್ತು ಮರದ ಕೆಲಸ 12 ಲಕ್ಷ. ಬಚ್ಚಲು, ಶೌಚಾಲಯ, ಇಂಗು ಗುಂಡಿ 6 ಲಕ್ಷ. ವೈರಿಂಗ್, ನೀರಿನ ವ್ಯವಸ್ಥೆ ಎರಡೂವರೆ ಲಕ್ಷ. ಮಂಚ, ಹಾಸಿಗೆ, ಅಡುಗೆ ಪಾತ್ರೆ 3 ಲಕ್ಷ. ಪರವಾನಗಿ, ಬೋರ್ಡು, ಫೋಟೋ ಅರ್ಧ ಲಕ್ಷ. ಇಲ್ಲಿಗೆ 24 ಲಕ್ಷ. ಹಳೇ ಮನೆಯ ಗೋಡೆ ಕೆದಕಿದ ಮೇಲೆ ಏನು ಸಿಗುತ್ತದೆಂದು ಮೊದಲೇ ಹೇಳಲು ಆಗುವುದಿಲ್ಲ. ಅದಕ್ಕೆಂದೇ 4 ಲಕ್ಷ ಬೇರೆ ಇಡಿ. ಮೊದಲ ಆರು ತಿಂಗಳು ಗಿರಾಕಿ ಬರುವ ತನಕ ಸಂಬಳ, ದಿನಸಿ ನಡೆಸಲು 2 ಲಕ್ಷ. ಒಟ್ಟು 30.

ಬಚ್ಚಲಿಗೆ 6 ಲಕ್ಷ ಜಾಸ್ತಿ ಆಯಿತು ಅನಿಸುತ್ತದೆ. ಕಡಿಮೆ ಮಾಡಬೇಡಿ. ಹಳೇ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿತ್ತು. ಹೊರ ಊರಿಂದ ಬಂದವರು ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿಗೆ ಹೋಗುವುದಿಲ್ಲ. ಆದರೆ ಕೋಣೆಗೆ ತಾಗಿಸಿ ನೀರಿನ ಪೈಪನ್ನು ಮಣ್ಣಿನ ಗೋಡೆಯೊಳಗೆ ಹಾಯಿಸಿದರೆ ಗೋಡೆಯೇ ಹೋಗುತ್ತದೆ. ಬಚ್ಚಲನ್ನು ಗೋಡೆಗೆ ತಾಗದಂತೆ ಹೊರಗೆ ಕಟ್ಟಿ, ಮಾಡಿನ ಕೆಳಗೇ ದಾರಿ ಕೊಡುವುದು ಒಳ್ಳೆಯದು.

ಸಿಮೆಂಟ್ ಗಿಲಾವು ಮಾಡಿದರೆ ಅಗ್ಗ ಅಲ್ವಾ?

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಪಡಸಾಲೆಯ ಮಣ್ಣಿನ ಗೋಡೆಗೆ ಗುತ್ತಿಗೆದಾರರೊಬ್ಬರು ಸಿಮೆಂಟ್ ಬಳಿದುಕೊಟ್ಟರು. ಬೇಸಿಗೆಯಲ್ಲಿ ಕನ್ನಡಿಯ ಹಾಗೆ ಇತ್ತು. ಮಣ್ಣು ಮತ್ತು ಕೆಂಪುಕಲ್ಲು ನೆಲದಿಂದ ತೇವ ಎಳೆದುಕೊಳ್ಳುತ್ತವೆ, ಸುಣ್ಣದ ಗಾರೆ ಇದ್ದರೆ ಆ ತೇವ ಹೊರಗೆ ಆರಿ ಹೋಗುತ್ತದೆ. ಸಿಮೆಂಟ್ ದಾರಿ ಕಟ್ಟಿತು. ಆ ಮಳೆಗಾಲದಲ್ಲೇ ಗೋಡೆ ಉಬ್ಬಿ, ಸಿಮೆಂಟ್ ಹಲಗೆ ಹಲಗೆಯಾಗಿ ಕಳಚಿತು. ಅದರ ಜೊತೆ ಒಳಗಿನ ಮಣ್ಣೂ ಬಂತು. ಎಲ್ಲ ಕಿತ್ತು ಸುಣ್ಣದಲ್ಲಿ ಮತ್ತೆ ಮಾಡಿಸಿದೆವು. ಎರಡು ಸಲದ ಖರ್ಚು.

ಇನ್ನೊಂದೂ ಇದೆ. ಬರುವವರು ನೋಡಲು ಬರುವುದೇ ಆ ಗೋಡೆ, ಆ ಕಂಬ, ಮರದ ಚೌಕಟ್ಟು. ಅವನ್ನು ಮುಚ್ಚಿದರೆ ನಿಮ್ಮ ಕೋಣೆಗೂ ಪೇಟೆಯ ಲಾಡ್ಜಿಗೂ ವ್ಯತ್ಯಾಸ ಇಲ್ಲ. ಆಗ ದರವೂ ಲಾಡ್ಜಿನದ್ದೇ.

ಜನ ಬರುತ್ತಾರೆ ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ಕೂತು ಎಣಿಸಬೇಕು. ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಜಿಲ್ಲೆಗೆ ಇಷ್ಟು ಲಕ್ಷ ಪ್ರವಾಸಿಗರು ಬರುತ್ತಾರೆ ಎಂಬ ಅಂಕಿ ಹಿಡಿದು, ಅದರಲ್ಲಿ ನೂರಕ್ಕೆ ಒಬ್ಬರು ನಮ್ಮ ಮನೆಗೆ ಬಂದರೂ ಸಾಕು ಎಂದು ಬರೆಯುವವರಿದ್ದಾರೆ. ಆ ಒಬ್ಬರು ಯಾಕೆ ಬರುತ್ತಾರೆ ಎಂಬುದಕ್ಕೆ ಅಲ್ಲಿ ಉತ್ತರ ಇಲ್ಲ. ಮುರ್ಡೇಶ್ವರಕ್ಕೆ ಬಂದವರು ಗೋಕರ್ಣಕ್ಕೆ ಹೋಗುತ್ತಾರೆ. ಘಟ್ಟ ಹತ್ತಿ ನಿಮ್ಮ ಜಗಲಿಗೆ ಬರುತ್ತಾರೆಂದು ಏನು ಖಾತ್ರಿ?

ನಿಮ್ಮ ಮನೆಗೆ ಹತ್ತಿರದ ಜಾಗ ಆರಿಸಿಕೊಳ್ಳಿ. ಬನವಾಸಿಯ ಮಧುಕೇಶ್ವರ ದೇವಸ್ಥಾನ, ಸೋಂದಾ, ಸಹಸ್ರಲಿಂಗ, ಯಾಣ, ಯಾವುದಾದರೂ ಸರಿ. ಒಂದು ಭಾನುವಾರ, ಒಂದು ಬುಧವಾರ, ಡಿಸೆಂಬರಲ್ಲಿ ಒಂದು ದಿನ, ಜುಲೈಯಲ್ಲಿ ಒಂದು ದಿನ. ಬೆಳಿಗ್ಗೆಯಿಂದ ಸಂಜೆಯವರೆಗೆ ನೋಟ್‌ಬುಕ್ ಹಿಡಿದು ಗೀಟು ಹಾಕುತ್ತಾ ಹೋಗಿ. ಕಾರು ಎಷ್ಟು, ಟೆಂಪೋ ಎಷ್ಟು, ಶಾಲೆಯ ಬಸ್ಸು ಎಷ್ಟು. ನೋಂದಣಿ ಫಲಕ ಯಾವ ಊರಿನದ್ದು. ಎಷ್ಟು ಹೊತ್ತು ನಿಂತರು.

ಬನವಾಸಿಯಲ್ಲಿ ನಾನು ಹೀಗೆ ಕೂತಾಗ ಕಣ್ಣಿಗೆ ಬಿದ್ದದ್ದು ಬಸ್ಸಿನವರ ಅವಸರ. ಕದಂಬರ ರಾಜಧಾನಿಗೆ ಬಂದಿದ್ದಾರೆ, ಆದರೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಮುಂದೆ ಜೋಗ ಇದೆ. ಮಕ್ಕಳು ನಂದಿಯ ಮುಂದೆ ಒಂದು ಫೋಟೋ ತೆಗೆಸಿಕೊಂಡು ಓಡಿದರು. ಅವರು ನಿಮ್ಮ ಮನೆಯಲ್ಲಿ ಉಳಿಯುವವರಲ್ಲ. ದೇವಸ್ಥಾನದ ಕಲ್ಲಿನ ಮಂಚವನ್ನು ಸುತ್ತಿ ಸುತ್ತಿ ನೋಡುತ್ತಿದ್ದ ಇಬ್ಬರು ಇದ್ದರಲ್ಲ, ಅಂಥವರೇ ನಿಮ್ಮ ಗಿರಾಕಿ. ಮಾತಾಡಿಸಿ. ರಾತ್ರಿ ಎಲ್ಲಿ ಉಳಿದಿರಿ, ಎಷ್ಟು ಕೊಟ್ಟಿರಿ, ಇಲ್ಲೇ ಹತ್ತಿರ ಹಳೇ ಮನೆಯಲ್ಲಿ ಊಟ ಸಿಕ್ಕರೆ ಬರುತ್ತಿದ್ದಿರಾ ಎಂದು ಕೇಳಿ. "ಬರುತ್ತೇವೆ" ಅನ್ನುವವರೆಲ್ಲ ಬರುವುದಿಲ್ಲ. ಫೋನ್ ನಂಬರ್ ಬರೆದುಕೊಂಡು ಹೋದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಶಿರಸಿಯವರು ಒಂದು ವಿಷಯ ಮರೆಯಬಾರದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ವರ್ಷದ ಗಿರಾಕಿ ನೋಡಿ ಮುಂದಿನ ವರ್ಷದ ಅಂದಾಜು ಬರೆದರೆ ಲೆಕ್ಕ ತಪ್ಪುತ್ತದೆ. ಎರಡು ವರ್ಷದ ಸರಾಸರಿ ಹಿಡಿಯಬೇಕು.

ಕೋಣೆ ಎಷ್ಟು ದಿನ ತುಂಬುತ್ತದೆ ಅಂತ ಬರೆಯಬೇಕು?

ಬ್ಯಾಂಕಿಗೆ ಕೊಡುವ ವರದಿಯಲ್ಲಿ ಎಲ್ಲರೂ ನೂರಕ್ಕೆ 60 ಎಂದು ಬರೆಸುತ್ತಾರೆ. ಅದು ಎಷ್ಟು ಎಂದು ಬಿಡಿಸಿ ನೋಡಿ. ವಾರಕ್ಕೆ ಏಳು ರಾತ್ರಿ. ಶುಕ್ರವಾರ, ಶನಿವಾರ ಎರಡೂ ರಾತ್ರಿ ಎಲ್ಲ ಕೋಣೆ ತುಂಬಿದರೂ ಏಳರಲ್ಲಿ ಎರಡು, ಅಂದರೆ ನೂರಕ್ಕೆ 28 ಅಥವಾ 29. ಅರವತ್ತು ಆಗಬೇಕಾದರೆ ಮಂಗಳವಾರ, ಬುಧವಾರವೂ ಜನ ಬೇಕು. ಬೆಂಗಳೂರಿನಿಂದ ಶಿರಸಿಗೆ 400 ಕಿಲೋಮೀಟರ್ ಆಸುಪಾಸು. ಕೆಲಸಕ್ಕೆ ಹೋಗುವವರು ವಾರದ ನಡುವೆ ಬರುವುದು ಕಷ್ಟ.

ನಾನು ಅಕ್ಟೋಬರಿನಿಂದ ಮೇ ತನಕ ನೂರಕ್ಕೆ 30, ಜೂನ್‌ನಿಂದ ಸೆಪ್ಟೆಂಬರ್ ತನಕ 10 ಹಿಡಿಯುತ್ತೇನೆ. ನಾಲ್ಕು ಕೋಣೆಗೆ ಮೊದಲ ಎಂಟು ತಿಂಗಳಲ್ಲಿ 292 ರಾತ್ರಿ, ಮಳೆಗಾಲದಲ್ಲಿ 49. ಒಟ್ಟು 341. ಮೊದಲ ವರ್ಷ ಇದೂ ಆಗದಿರಬಹುದು.

ಮಳೆಗಾಲ ಪೂರ್ತಿ ಖಾಲಿ ಎಂದೇನಿಲ್ಲ. ಮಿರ್ಜಾನ ಕೋಟೆ ಹಸಿರಾಗಿ ಚಂದ ಕಾಣುವುದೇ ಮಳೆಯಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಕಥೆ ಹೇಳಿ, ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸಿದರೆ ಎರಡು ದಿನಕ್ಕೆ ಬಂದವರು ಮೂರನೇ ದಿನ ಉಳಿಯುತ್ತಾರೆ. ಆದರೂ ಲೆಕ್ಕದಲ್ಲಿ 10 ಇರಲಿ.

ಹಾಗಾದರೆ ಲಾಭವೋ, ನಷ್ಟವೋ?

ಕೋಣೆಗೆ, ಇಬ್ಬರಿಗೆ ಊಟ ತಿಂಡಿ ಸೇರಿ 3000 ರೂಪಾಯಿ ದರ ಎಂದಿಟ್ಟುಕೊಳ್ಳಿ. ಅವರು ಬಂದರೆ ಮಾತ್ರ ಆಗುವ ಖರ್ಚು ಊಟಕ್ಕೆ 650, ಬಟ್ಟೆ ಒಗೆಯುವುದು, ಸಾಬೂನು ಇತ್ಯಾದಿಗೆ 200, ಆನ್‌ಲೈನ್ ಬುಕಿಂಗ್‌ನವರ ಕಮಿಷನ್ ಸರಾಸರಿ 250. ಒಟ್ಟು 1100. ಉಳಿಯುವುದು 1900. ಹಗಲು ಬಂದು ಉಂಡು ಹೋಗುವವರಿಂದ ತಲೆಗೆ 400. ಖರ್ಚು 180. ಉಳಿಯುವುದು 220. ವರ್ಷಕ್ಕೆ ಅಂಥವರು 1500 ಜನ.

341 ರಾತ್ರಿಗೆ 1900ರಂತೆ ಸುಮಾರು 6.48 ಲಕ್ಷ. 1500 ಜನಕ್ಕೆ 220ರಂತೆ 3.30 ಲಕ್ಷ. ಕೂಡಿದರೆ 9.78 ಲಕ್ಷ.

ಇನ್ನು ಯಾರೂ ಬಾರದಿದ್ದರೂ ತಪ್ಪದ ಖರ್ಚು. ಮನೆಯ ಪಾಲು ಒಂದೂವರೆ ಲಕ್ಷ. ಇಬ್ಬರು ಕೆಲಸದವರಿಗೆ ತಿಂಗಳಿಗೆ 14,000ದಂತೆ 3.36 ಲಕ್ಷ. ಮನೆಯವರೊಬ್ಬರ ದುಡಿಮೆಗೆ ತಿಂಗಳಿಗೆ 15,000ದಂತೆ 1.80 ಲಕ್ಷ. ಕರೆಂಟು, ಫೋನು 60,000. ವಿಮೆ, ಪರವಾನಗಿ, ಲೆಕ್ಕಪತ್ರ 40,000. ಪ್ರಚಾರಕ್ಕೆ 34,000. ಒಟ್ಟು 8 ಲಕ್ಷ.

ಉಳಿದದ್ದು 1.78 ಲಕ್ಷ. ನಷ್ಟ ಇಲ್ಲ. ಆದರೆ ಇದು ಸಾಲದ ಕಂತು ಕಟ್ಟುವುದಕ್ಕಿಂತ ಮೊದಲಿನ ಮಾತು.

ಮನೆಯವರ ದುಡಿಮೆಗೆ ಸಂಬಳ ಯಾಕೆ ಬರೆಯಬೇಕು? ನಮ್ಮದೇ ಮನೆಯಲ್ವಾ?

ಈ ಪ್ರಶ್ನೆಯನ್ನು ಹೆಚ್ಚಾಗಿ ಗಂಡಸರೇ ಕೇಳುತ್ತಾರೆ. ಅಡುಗೆಮನೆಯಲ್ಲಿ ಇರುವವರು ಕೇಳಿದ್ದನ್ನು ನಾನು ನೋಡಿಲ್ಲ.

ಅತಿಥಿಗಳು ಮೆಚ್ಚಿ ಬರೆಯುವುದು ಏನು? ಅಪ್ಪೆಹುಳಿ, ತಂಬುಳಿ, ತೊಡದೇವು. ತೊಡದೇವು ಮಾಡುವವರ ಪಕ್ಕ ಒಂದು ಗಳಿಗೆ ನಿಂತು ನೋಡಿ. ಬೋರಲು ಹಾಕಿದ ಮಡಕೆ, ಅದರ ಕೆಳಗೆ ಬೆಂಕಿ. ಕಬ್ಬಿನ ಹಾಲು, ಅಕ್ಕಿ ಹಿಟ್ಟಿನ ಸಂಪಣವನ್ನು ಬಟ್ಟೆಯಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಒಂದೇ ಎಳೆತದಲ್ಲಿ ಸವರಬೇಕು. ಕಾಗದಕ್ಕಿಂತ ತೆಳು. ಎಬ್ಬಿಸುವಾಗ ಹರಿಯಬಾರದು. ಬೆವರು ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಹತ್ತು ಜನ ಅತಿಥಿಗಳಿಗೆ ಹೀಗೆ ಬಡಿಸಿದ ಅತ್ತಿಗೆಗೆ ತಿಂಗಳ ಕೊನೆಗೆ ಏನು ಸಿಗುತ್ತದೆ? ಲೆಕ್ಕದಲ್ಲಿ ಅವರ ಹೆಸರಿಲ್ಲದಿದ್ದರೆ ಆ ಲಾಭ ಲಾಭವೇ ಅಲ್ಲ, ಅವರ ದುಡಿಮೆಯನ್ನು ನಾವು ಬಿಟ್ಟಿಯಾಗಿ ತಿಂದದ್ದು.

ವ್ಯವಹಾರದ ದೃಷ್ಟಿಯಿಂದಲೂ ಇದು ಬೇಕು. ಅವರಿಗೆ ಹುಷಾರಿಲ್ಲದ ದಿನ ಬೇರೆಯವರನ್ನು ಕರೆಯಬೇಕಲ್ವಾ? ಆ ಕೂಲಿ ಆಗ ಎಲ್ಲಿಂದ ಬರುತ್ತದೆ? ಸಂಬಳವನ್ನು ಅವರ ಖಾತೆಗೇ ಹಾಕಿ. ಮೇಲಿನ ಲೆಕ್ಕದಲ್ಲಿ ಒಬ್ಬರಿಗೆ ಮಾತ್ರ ಹಿಡಿದಿದ್ದೇನೆ. ಇಬ್ಬರು ದುಡಿದರೆ ಇಬ್ಬರದ್ದೂ ಬರೆಯಿರಿ. ಆಗ ಉಳಿತಾಯ 1.78 ಲಕ್ಷ ಹೋಗಿ ಸೊನ್ನೆ ಆಗುತ್ತದೆ. ಆ ಸತ್ಯ ಮೊದಲೇ ಗೊತ್ತಿರಲಿ.

ಇಷ್ಟು ಕಷ್ಟಪಡುವ ಬದಲು 30 ಲಕ್ಷ ಎಫ್‌ಡಿ ಇಟ್ಟರೆ ಒಳ್ಳೆಯದಲ್ವಾ?

ಒಳ್ಳೆಯ ಪ್ರಶ್ನೆ. ನೂರಕ್ಕೆ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 2.10 ಲಕ್ಷ ಸುಮ್ನೆ ಬರುತ್ತದೆ. ನಮ್ಮ ಉದಾಹರಣೆಯ ಮನೆ ಕೊಡುವುದು 1.78. ಬರೀ ಹೂಡಿಕೆ ಎಂದು ನೋಡುವವರು ಇಲ್ಲಿಗೇ ನಿಲ್ಲಿಸಬಹುದು.

ಆದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಪ್ರವಾಸಿಗರು ಬಾರದಿದ್ದರೆ ಈ ಮನೆಯನ್ನು ಏನು ಮಾಡುತ್ತೀರಿ?

ಏನೇ ಆದರೂ ಉಳಿಸಿಕೊಳ್ಳುತ್ತೇವೆ ಎನ್ನುವುದಾದರೆ ಮಾಡಿನ 12 ಲಕ್ಷ ಹೇಗೂ ಖರ್ಚಾಗುವುದೇ. ವರ್ಷದ ಒಂದೂವರೆ ಲಕ್ಷವೂ ನಿಮ್ಮ ಕೈಯಿಂದಲೇ. ಪ್ರವಾಸಿಗರಿಗಾಗಿ ಹೊಸದಾಗಿ ಹಾಕುವುದು ಉಳಿದ 18 ಲಕ್ಷ ಮಾತ್ರ. ಅದರಿಂದ ಸಿಗುವುದು 1.78 ಲಕ್ಷ, ಜೊತೆಗೆ ಮನೆ ತಾನೇ ದುಡಿದು ತೀರಿಸುವ ಒಂದೂವರೆ ಲಕ್ಷ. ಒಟ್ಟು 3.28 ಲಕ್ಷ. ಹಾಸಿಗೆ, ಪಂಪು, ಬೆಡ್‌ಶೀಟು ಸವೆಯುವುದಕ್ಕೆ ವರ್ಷಕ್ಕೆ 40,000 ಕಳೆಯಿರಿ. 2.88 ಉಳಿಯಿತು. 18 ಲಕ್ಷ ಆರೂಕಾಲು ವರ್ಷದಲ್ಲಿ ವಾಪಸ್. ಇದು ಕೆಟ್ಟ ಲೆಕ್ಕ ಅಲ್ಲ.

ಅದೇ ಮನೆಯನ್ನು ಹೊರಗಿನವರು ಕೊಂಡು ಮಾಡಿದರೆ 30 ಲಕ್ಷದ ಮೇಲೆ ಮನೆಯ ಬೆಲೆಯೂ ಸೇರುತ್ತದೆ. ಅವರಿಗೆ ಇದು ಹುಟ್ಟುವುದಿಲ್ಲ. ಹಾಗಾಗಿ ಅವರು ಕೋಣೆ ಜಾಸ್ತಿ ಮಾಡುತ್ತಾರೆ, ತೋಟ ಕಡಿದು ಈಜುಕೊಳ ಮಾಡುತ್ತಾರೆ. ಅಂಕಿ ಒಂದೇ ಆದರೂ ಯಾರು ಕೇಳುತ್ತಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಒಂದು ಎಚ್ಚರಿಕೆ. ಐದು ವರ್ಷದ ನಂತರ ಬರುವ ಲಕ್ಷ ಇವತ್ತಿನ ಲಕ್ಷ ಅಲ್ಲ. ನೂರಕ್ಕೆ 10ರ ಬಡ್ಡಿಯಲ್ಲಿ ಅದರ ಇವತ್ತಿನ ಬೆಲೆ ಸುಮಾರು 62,000. ದೂರದ ವರ್ಷಗಳ ಆದಾಯವನ್ನು ಹೀಗೆ ಇಳಿಸಿಯೇ ಕೂಡಬೇಕು.

ಸಾಲ ಎಷ್ಟು ತೆಗೆಯಬಹುದು?

15 ಲಕ್ಷ, ನೂರಕ್ಕೆ 11ರ ಬಡ್ಡಿ, ಏಳು ವರ್ಷ ಎಂದರೆ ತಿಂಗಳ ಕಂತು 25,700ರ ಹತ್ತಿರ. ವರ್ಷಕ್ಕೆ 3.08 ಲಕ್ಷ. ನಮ್ಮಲ್ಲಿ ಉಳಿಯುವುದು 1.78. ವರ್ಷಕ್ಕೆ 1.30 ಲಕ್ಷ ಅಡಿಕೆ ದುಡ್ಡಿನಿಂದ ತುಂಬಿಸಬೇಕು. ತೋಟಕ್ಕೆ ಕೊಳೆ ರೋಗ ಬಂದ ವರ್ಷ ಏನು ಮಾಡುವುದು?

ಈ ಕಂತನ್ನು ಮನೆಯೇ ತೀರಿಸಬೇಕಾದರೆ 341ರ ಬದಲು 410 ರಾತ್ರಿ ಬೇಕು. ಬರೀ 69 ರಾತ್ರಿ ಅನಿಸುತ್ತದೆ. ಆದರೆ ಶನಿವಾರಗಳು ಆಗಲೇ ತುಂಬಿವೆ. ಆ 69 ಬರಬೇಕಾದದ್ದು ಸೋಮವಾರದಿಂದ ಗುರುವಾರದೊಳಗೆ. ವಾರದ ನಡುವೆ ಬರುವವರು ಯಾರು? ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು, ವಿದ್ಯಾರ್ಥಿಗಳ ಅಧ್ಯಯನ ತಂಡ. ಅವರನ್ನು ಹೇಗೆ ತಲುಪುತ್ತೀರಿ ಎಂಬುದಕ್ಕೆ ಉತ್ತರ ಇಲ್ಲದೆ 410 ಬರೆಯಬೇಡಿ.

ಸಾಲ 5 ಲಕ್ಷಕ್ಕೆ ಇಳಿಸಿದರೆ ವರ್ಷದ ಕಂತು 1.03 ಲಕ್ಷ. ಕಂತಿನ 1.7 ಪಟ್ಟು ಹಣ ಕೈಯಲ್ಲಿರುತ್ತದೆ. ಬ್ಯಾಂಕಿನವರು ಸಾಮಾನ್ಯವಾಗಿ ಒಂದೂಕಾಲು ಪಟ್ಟಿಗಿಂತ ಮೇಲಿರಲಿ ಎನ್ನುತ್ತಾರೆ. ನಾನು ಒಂದೂವರೆ ಎನ್ನುತ್ತೇನೆ, ಯಾಕೆಂದರೆ ನಮ್ಮದು ಮಳೆಯ ಊರು.

ಸಬ್ಸಿಡಿ ಬರುತ್ತದಲ್ಲ, ಅದನ್ನು ಸೇರಿಸಬಹುದಾ?

ಬ್ಯಾಂಕ್ ಖಾತೆಗೆ ಬಿದ್ದ ದಿನ ಸೇರಿಸಿ. ಅದಕ್ಕಿಂತ ಮೊದಲು ಬೇಡ. ಅರ್ಜಿ ಹಾಕಿ, ಖಂಡಿತ ಹಾಕಿ. ಆದರೆ ಸಬ್ಸಿಡಿ ಇಲ್ಲದೆ ನಿಲ್ಲದ ಯೋಜನೆಗೆ ಕೈ ಹಾಕಬೇಡಿ.

ರಸ್ತೆ ಬಂದ್ ಆದರೆ? ಗುಡ್ಡ ಕುಸಿದರೆ?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಜೀವಗಳು ಹೋದವು. ಗಂಗಾವಳಿ ನದಿಯಲ್ಲಿ ವಾರಗಟ್ಟಲೆ ಹುಡುಕಾಟ ನಡೆಯಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಹೋದ ಜೀವದ ಮುಂದೆ ವ್ಯಾಪಾರದ ಮಾತು ಸಣ್ಣದು, ನಿಜ. ಆದರೆ ಮನೆ ನಡೆಸುವವರು ಇಂಥ ವರ್ಷ ಮತ್ತೆ ಬರುತ್ತದೆ ಎಂದೇ ಲೆಕ್ಕ ಹಾಕಬೇಕು.

ಎಲ್ಲ ಆದಾಯವನ್ನೂ ನೂರಕ್ಕೆ 20 ಇಳಿಸಿ ನೋಡಿ. 9.78 ಲಕ್ಷ 7.82 ಆಗುತ್ತದೆ. ತಪ್ಪದ ಖರ್ಚು 8. ಸಾಲ ಇಲ್ಲದಿದ್ದರೂ 18,000 ಕೊರತೆ. ಆ ವರ್ಷ ಮನೆಯವರ ಸಂಬಳ ಸ್ವಲ್ಪ ತಡೆದು ದಾಟಬಹುದು. ಸಾಲ 15 ಲಕ್ಷ ಇದ್ದವರಿಗೆ ದಾಟಲು ಆಗುವುದಿಲ್ಲ. ಅದಕ್ಕೇ ನಾಲ್ಕು ತಿಂಗಳ ತಪ್ಪದ ಖರ್ಚು, ಅಂದರೆ 2.67 ಲಕ್ಷ, ಬೇರೆ ಖಾತೆಯಲ್ಲಿ ಇಡಲು ಹೇಳುತ್ತೇನೆ. ಒಂದೇ ವರ್ಷದಲ್ಲಿ ಆಗದಿದ್ದರೆ ಮೂರು ವರ್ಷದಲ್ಲಿ ಕೂಡಿಸಿ. ಮಳೆ ಜೋರಿದ್ದಾಗ, ಘಟ್ಟದಲ್ಲಿ ಮಣ್ಣು ಸಡಿಲಾದಾಗ ಬುಕಿಂಗ್ ಮಾಡಿದವರಿಗೆ ನೀವೇ ಫೋನ್ ಮಾಡಿ "ಈಗ ಬರಬೇಡಿ" ಎನ್ನಲು ಧೈರ್ಯ ಬರುವುದು ಆ ದುಡ್ಡು ಇದ್ದರೆ ಮಾತ್ರ.

ಜನ ಜಾಸ್ತಿ ಬಂದರೆ ಜಾಸ್ತಿ ಲಾಭ ಅಲ್ವಾ?

ಒಂದು ಮಿತಿಯ ತನಕ. ಅಟ್ಟದ ಹಲಗೆ ಎಷ್ಟು ಜನರ ಭಾರ ತಡೆಯುತ್ತದೆ? ಬಡಗಿಯನ್ನು ಕರೆಸಿ ಕೇಳಿ, ಅವರು ಹೇಳಿದ್ದರಲ್ಲಿ ಅರ್ಧ ಹಿಡಿಯಿರಿ. ಶಾಲೆಯ ಬಸ್ಸಿನ ಐವತ್ತು ಮಕ್ಕಳನ್ನು ಒಮ್ಮೆಲೇ ಹತ್ತಿಸಬೇಡಿ.

ನೀರು ಇನ್ನೂ ದೊಡ್ಡ ಮಿತಿ. ಏಪ್ರಿಲ್, ಮೇಯಲ್ಲಿ ರಜೆ, ಅತಿಥಿಗಳು ಜಾಸ್ತಿ. ಅದೇ ಹೊತ್ತಿಗೆ ಬಾವಿಯ ನೀರು ತಳಕ್ಕೆ ಹೋಗಿರುತ್ತದೆ, ತೋಟಕ್ಕೂ ಬೇಕು. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಬಾವಿಯ ಹಗ್ಗಕ್ಕೆ ಗಂಟು ಹಾಕಿ ನೀರಿನ ಆಳ ಬರೆದಿಡಿ. ಒಂದು ವರ್ಷದ ಈ ಪುಸ್ತಕ ಇದ್ದರೆ ಎಷ್ಟು ಕೋಣೆ ಕೊಡಬಹುದು ಎಂದು ಬಾವಿಯೇ ಹೇಳುತ್ತದೆ. ಟ್ಯಾಂಕರ್ ನೀರು ತರಿಸಿ ಕೋಣೆ ತುಂಬಿಸಿದರೆ 1900 ಉಳಿಯುವುದಿಲ್ಲ. ಪಕ್ಕದ ಮನೆಯ ಬಾವಿ ಬತ್ತಿದರೆ ಊರಲ್ಲಿ ಮುಖ ಎತ್ತಿ ಓಡಾಡಲೂ ಆಗುವುದಿಲ್ಲ.

ನಮ್ಮ ಮನೆ ಬನವಾಸಿ ದೇವಸ್ಥಾನದ ಹತ್ತಿರವೇ ಇದೆ. ಅನುಕೂಲ ಅಲ್ವಾ?

ಅನುಕೂಲವೂ ಹೌದು, ಕಟ್ಟಳೆಯೂ ಇದೆ. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ರಿಪೇರಿಗೂ ಅನುಮತಿ ಬೇಕಾಗುತ್ತದೆ. ಅದಕ್ಕೆ ಹಿಡಿಯುವ ತಿಂಗಳುಗಳನ್ನೂ ಲೆಕ್ಕಕ್ಕೆ ಸೇರಿಸಿ, ಯಾಕೆಂದರೆ ಸಾಲದ ಬಡ್ಡಿ ಕಾಯುವುದಿಲ್ಲ. ಘಟ್ಟದ ಮೇಲಿನವರು ಇನ್ನೊಂದು ನೆನಪಿಡಿ. ಸೊಪ್ಪಿನ ಬೆಟ್ಟ ತೋಟಕ್ಕೆ ಸೊಪ್ಪು ತರಲು ಕೊಟ್ಟದ್ದು, ಅಲ್ಲಿ ಕಾಟೇಜು ಕಟ್ಟುವಂತಿಲ್ಲ.

ಕಾರವಾರದ ಕಡೆ ಲೆಕ್ಕ ಬೇರೆಯಾ?

ಸ್ವಲ್ಪ ಬೇರೆ. ಅಲ್ಲಿ ಹೆದ್ದಾರಿ ಇದೆ, ಕೊಂಕಣ ರೈಲು ಇದೆ, ಗೋವಾ ಪಕ್ಕದಲ್ಲೇ. ಯುವಕರಾಗಿದ್ದ ರವೀಂದ್ರನಾಥ ಟಾಗೋರರು ಬಂದು ಉಳಿದ ಊರು ಅದು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಹೇಳಲು ಕಥೆಗೆ ಬರವಿಲ್ಲ. ಆದರೆ ಉಪ್ಪಿನ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಮೊಳೆ, ಕೀಲು, ಗೇಟು, ಫ್ಯಾನು ಎಲ್ಲದರ ಆಯಸ್ಸೂ ಕಡಿಮೆ. ಮಳೆಯೂ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ. ಮನೆಯ ಪಾಲನ್ನು ನಾನು ಅಲ್ಲಿ ಒಂದೂವರೆ ಪಟ್ಟು ಹಿಡಿಯುತ್ತೇನೆ. ಕಡಲಿಗೆ ಹತ್ತಿರ ಇದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ ನೋಡದೆ ಒಂದು ಇಟ್ಟಿಗೆಯನ್ನೂ ಇಡಬೇಡಿ.

ತೆರಿಗೆ, ಪರವಾನಗಿ?

ಪಂಚಾಯಿತಿ ಪರವಾನಗಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಆಹಾರ ಸುರಕ್ಷತೆಯ ನೋಂದಣಿ ಬೇಕು. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕೊಡಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ನಮ್ಮ ಉದಾಹರಣೆಯಲ್ಲಿ ವಹಿವಾಟು 16.23 ಲಕ್ಷ, ಹತ್ತಿರದಲ್ಲೇ ಇದೆ. ಅಡಿಕೆ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಕೋಣೆ ಬಾಡಿಗೆಗೆ ಇದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಡಿ.

ಯಕ್ಷಗಾನ, ಹಾಲಕ್ಕಿ ಹಾಡು ಇಟ್ಟರೆ ಜನ ಜಾಸ್ತಿ ಬರುತ್ತಾರಂತೆ?

ಬರುತ್ತಾರೆ. ಆದರೆ ಕಲಾವಿದರ ಸಂಭಾವನೆಯನ್ನು ಮೊದಲೇ ಗೊತ್ತು ಮಾಡಿ ಖರ್ಚಿನಲ್ಲಿ ಬರೆಯಿರಿ. ಅತಿಥಿಗಳು ಖುಷಿಯಾಗಿ ಕೊಟ್ಟದ್ದು ಸಾಕು ಎಂದು ಬಿಡಬೇಡಿ. ಹಾಲಕ್ಕಿ ಸಮುದಾಯದ ಹಾಡುಗಾರ್ತಿ, ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಷ್ಟು ಹಾಡುಗಳನ್ನು ಅವರು ಬರೀ ನೆನಪಿನಲ್ಲಿ ಹೊತ್ತು ನಡೆದಿದ್ದರು. ಅಂಥ ಹಾಡನ್ನು ಊಟದ ನಡುವೆ ಹಿನ್ನೆಲೆಗೆ ಹಾಡಿಸಬಾರದು. ತಿಂಗಳಿಗೊಮ್ಮೆ ಇಡಿ, ಬೇರೆ ಟಿಕೆಟ್ ಇಡಿ, ಊರವರಿಗೆ ಪುಕ್ಕಟೆ ಬಿಡಿ. ಸಂಭಾವನೆ ಹುಟ್ಟದಿದ್ದರೆ ಆ ತಿಂಗಳು ಬೇಡ.

ಎಲ್ಲ ಕೂಡಿ ಕಳೆದರೂ ಲೆಕ್ಕ ಹೊಂದದಿದ್ದರೆ?

ಚಿಕ್ಕದು ಮಾಡಿ ನೋಡಿ. ಕೋಣೆಗಳನ್ನು ಬಿಟ್ಟುಬಿಡಿ. ಬಚ್ಚಲಿನ ಖರ್ಚಿನಲ್ಲಿ ದೊಡ್ಡ ಪಾಲು, ಮಂಚ, ಹಾಸಿಗೆ ಎಲ್ಲ ಹೋಯಿತು. ಹಗಲಿನ ಊಟ ಮತ್ತು ಮನೆ ನೋಡುವುದು ಮಾತ್ರ ಇಡಿ. ಅದೂ ಶನಿವಾರ, ಭಾನುವಾರ, ಮೊದಲೇ ಫೋನ್ ಮಾಡಿದವರಿಗೆ. ಕಾಯಂ ಕೆಲಸದವರು ಬೇಡ, ಆ ದಿನದ ಕೂಲಿ ಸಾಕು. ಆಲೆಮನೆ ನಡೆಯುವ ಸಮಯ, ಅಡಿಕೆ ಕೊಯ್ಲಿನ ಸಮಯ ಹೇಗೂ ಮನೆಯಲ್ಲಿ ಜನ ಇರುತ್ತಾರೆ, ನೋಡಲೂ ಬೇಕಾದಷ್ಟು ಇರುತ್ತದೆ. ವಾರಕ್ಕೆ 24 ಜನ, ವರ್ಷದಲ್ಲಿ 30 ವಾರ ಎಂದರೆ 720 ಜನ. ತಲೆಗೆ 220ರಂತೆ 1.58 ಲಕ್ಷ. ಅದರಲ್ಲಿ ಕೂಲಿ ಕೊಟ್ಟ ಮೇಲೆ ಮನೆಯ ಒಂದೂವರೆ ಲಕ್ಷದಲ್ಲಿ ಅರ್ಧದಷ್ಟಾದರೂ ಹುಟ್ಟಬಹುದು.

ಮೊದಲ ಶನಿವಾರಕ್ಕೆ ಹನ್ನೆರಡು ಜನರನ್ನು ಕರೆಯಿರಿ. ಪರಿಚಯದವರು ಬೇಡ, ದುಡ್ಡು ಕೊಟ್ಟು ಬರುವವರೇ ಆಗಲಿ. ಸಂಜೆ ಎಲೆ ಎತ್ತಿದ ಮೇಲೆ ಮನೆಯವರೆಲ್ಲ ಜಗಲಿಯಲ್ಲಿ ಕೂತು ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೆ ಎಷ್ಟು ಸುಸ್ತಾಯಿತು, ಮೂರನ್ನೂ ಬರೆದಿಡಿ.